ಇದ್ದಷ್ಟೇ ಅಳತೆ

(ಗದಗ ಸಮೀಪದ ಬಿಂಕದಕಟ್ಟಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಕ್ಷರರೂಪ)



ದತ್ತಿ ಉಪನ್ಯಾಸಕ್ಕೆ ಕರೆದವರು ವಿಷಯವನ್ನು ನನಗೇ ಬಿಟ್ಟರು. ಶರಣರ ಬಗ್ಗೆ, ಕುಮಾರವ್ಯಾಸನ ಬಗ್ಗೆ ಮಾತಾಡಬಲ್ಲವರು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ, ಅವರ ಮುಂದೆ ನಾನು ಬಾಯಿ ತೆರೆಯುವುದು ತರವಲ್ಲ. ನನ್ನ ಕಸುಬು ಭಿತ್ತಿಪತ್ರ, ಬ್ಯಾನರು, ಆಹ್ವಾನಪತ್ರಿಕೆ, ಕ್ಯಾಟಲಾಗು, ಟಿಕೆಟ್ಟು. ಒಂದು ಪ್ರದರ್ಶನಕ್ಕೆ ಊರ ತುಂಬ ಒಂದೇ ಮುಖ ಇರುವಂತೆ ಇವನ್ನೆಲ್ಲ ಹೊಂದಿಸುವ ಕೆಲಸಕ್ಕೆ ನಮ್ಮ ಕಸುಬಿನವರು ‘ವಿಷುವಲ್ ಐಡೆಂಟಿಟಿ’ ಅನ್ನುತ್ತಾರೆ. ನಾನು ಗುರುತು ಅನ್ನುತ್ತೇನೆ. ಸತ್ತು ಅರವತ್ತೋ ನಾನೂರೋ ವರ್ಷವಾದ ಚಿತ್ರಕಾರನ ಪ್ರದರ್ಶನಕ್ಕೆ ಇವತ್ತಿನ ಗುರುತನ್ನು ಹೇಗೆ ಕಟ್ಟಬೇಕು ಅನ್ನುವುದು ಈ ಹೊತ್ತಿನ ಮಾತು.

ಈಗಲೇ ಯಾಕೆ ಅಂದರೆ, ಕಾನೂನಿನ ಒಂದು ಲೆಕ್ಕವಿದೆ. ಕೆ. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಮೇಲಿನ ಹಕ್ಕು, ಚಿತ್ರಕಾರ ತೀರಿಕೊಂಡ ಮರುವರ್ಷದ ಮೊದಲ ದಿನದಿಂದ 60 ವರ್ಷ ಉಳಿಯುತ್ತದೆ. ಅಂದರೆ 2025ರ ಡಿಸೆಂಬರ್ 31ಕ್ಕೆ ಅದು ಮುಗಿಯಿತು. 2026ರ ಜನವರಿ 1ರಿಂದ ವೆಂಕಟಪ್ಪನವರ ಊಟಿಯ ಬೆಟ್ಟಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಸೀರೆಯ ಸೆರಗಿಗೆ ಹಾಕಬಹುದು, ಚಹಾದ ಕಪ್ಪಿಗೆ ಹಾಕಬಹುದು, ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಯಾರದೋ ಮೀಸೆಯ ಹಿಂದೆ ಹಾಕಬಹುದು. ಕಲಬುರಗಿಯ ಎಸ್.ಎಂ. ಪಂಡಿತರ ಚಿತ್ರಗಳಿಗೆ ಈ ಬಿಡುಗಡೆ 2053ರ ಕೊನೆಗೆ, ಕೆ.ಕೆ. ಹೆಬ್ಬಾರರ ಚಿತ್ರಗಳಿಗೆ 2056ರ ಕೊನೆಗೆ. ರಾಜಾ ರವಿವರ್ಮ 1906ರಲ್ಲೇ ಹೋದವನು, ಅವನ ಚಿತ್ರ ಎಂದೋ ಊರ ಸೊತ್ತಾಗಿದೆ. ಕನ್ನಡ ನಾಡಿನ ಆಧುನಿಕ ಚಿತ್ರಕಲೆಯಲ್ಲಿ ‘ಹಳೆಯ ಗುರು’ ಅನ್ನಿಸಿಕೊಳ್ಳಬಲ್ಲವರಲ್ಲಿ ವೆಂಕಟಪ್ಪ ಈಗಷ್ಟೇ ಎಲ್ಲರ ಕೈಗೆ ಬಂದಿದ್ದಾರೆ. ಹಾಗಾಗಿ ಅವರನ್ನೇ ಉದಾಹರಣೆಗೆ ಇಟ್ಟುಕೊಂಡು ಮಾತಾಡುತ್ತೇನೆ.

ವೆಂಕಟಪ್ಪ ಮೈಸೂರು ಅರಮನೆಯ ಚಿತ್ರಗಾರರ ಮನೆತನದವರು, ಹುಟ್ಟಿದ್ದು 1886ರಲ್ಲಿ. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತರು. ನಂದಲಾಲ ಬೋಸರು ಅಲ್ಲಿ ಅವರ ಜೊತೆಯವರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ ಹಿಂದೂ-ಬೌದ್ಧ ಪುರಾಣಕತೆಗಳ ಪುಸ್ತಕ 1913ರಲ್ಲಿ ಬಂದಾಗ ಅದರ ಚಿತ್ರಗಳಲ್ಲಿ ಇವರವೂ ಇದ್ದವು. ಊರಿಗೆ ಮರಳಿದ ಮೇಲೆ ಊಟಿ, ಕೊಡೈಕೆನಾಲ್‌ಗಳ ಮಂಜನ್ನೂ ಬೆಳದಿಂಗಳನ್ನೂ ಜಲವರ್ಣದಲ್ಲಿ ಹಿಡಿದರು. ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪ ಮಾಡಿದರು, ದಂತದ ಮೇಲೆ ಕಿರುಭಾವಚಿತ್ರ ಬರೆದರು. ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತದ್ದು ಎಷ್ಟು ತೀವ್ರವಾಯಿತೆಂದರೆ ಆ ವೀಣೆಯ ಹುಚ್ಚನ್ನೇ ಒಂದು ಚಿತ್ರವಾಗಿಸಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕ ಅವರ ಹೆಸರಿನ ಚಿತ್ರಶಾಲೆಯಿದೆ. 2016ರಲ್ಲಿ ಆ ಚಿತ್ರಶಾಲೆಯ ಹೊಣೆ ಖಾಸಗಿ ಪ್ರತಿಷ್ಠಾನಕ್ಕೆ ಹೋಗಬಾರದೆಂದು ಕಲಾವಿದರು ಬೀದಿಗಿಳಿದಾಗ ಪತ್ರಿಕೆಗಳು ಆ ಕಟ್ಟಡದ ಬಗ್ಗೆ ಕಾಲಂ ಕಾಲಂ ಬರೆದವು. ಒಳಗಿನ ಚಿತ್ರಗಳ ಬಗ್ಗೆ ಬರೆದದ್ದು ಕಡಿಮೆ.

ಆ ಚಿತ್ರಗಳ ಮುಂದೆ ನಿಂತಾಗ ಮೊದಲು ತಟ್ಟುವ ಸಂಗತಿ, ಅವು ಸಣ್ಣವು. ಬಾಗಿ ನೋಡಬೇಕು. ತೆಳ್ಳಗಿನ ಬಣ್ಣದ ಪದರದ ಕೆಳಗೆ ಕಾಗದದ ಬಿಳಿಯೇ ಬೆಳಕಾಗಿ ಉಳಿದಿರುತ್ತದೆ, ಅದು ಕಾಣಬೇಕಾದರೆ ಒಂದು ಮೊಳದ ದೂರಕ್ಕೆ ಬರಬೇಕು. ಈಗ ಇದೇ ಚಿತ್ರವನ್ನು ಪ್ರದರ್ಶನದ ದ್ವಾರದಲ್ಲಿ ಇಪ್ಪತ್ತು ಅಡಿಯ ಫ್ಲೆಕ್ಸಿಗೆ ಹಿಗ್ಗಿಸಿ ನೋಡಿ. ಮಂಜು ಹೊಗೆಯಾಗುತ್ತದೆ. ಕುಂಚದ ಗೆರೆ ಬಿರುಕಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಆ ಫ್ಲೆಕ್ಸು ನೋಡಿ ಒಳಗೆ ಹೋದವನು ನಿಜವಾದ ಚಿತ್ರ ಕಂಡು ‘ಇಷ್ಟ ಸಣ್ಣದಾ?’ ಅಂತ ನಿರಾಶನಾಗುತ್ತಾನೆ. ಬರಮಾಡಿಕೊಳ್ಳಬೇಕಾದ ಫಲಕವೇ ಒಳಗಿನ ಚಿತ್ರಕ್ಕೆ ಅವಮಾನ ಮಾಡಿ ಕಳಿಸಿತು.

ಬಿಂಕದಕಟ್ಟಿಗೆ ಹೊರಗಿನವರು ಬರುವುದೇ ಮೃಗಾಲಯ ನೋಡಲು. ಪಠ್ಯಪುಸ್ತಕದಲ್ಲಿ ಅಂಗೈಯಗಲದ ಹುಲಿ ಕಂಡ ಹುಡುಗ ಜಾಲರಿಯಾಚೆ ಹುಲಿ ಎದ್ದು ನಿಂತಾಗ ಅದರ ಪಟ್ಟೆ ಎಣಿಸುವುದಿಲ್ಲ. ‘ಎಷ್ಟ ದೊಡ್ಡದೈತೋ!’ ಅನ್ನುತ್ತಾನೆ. ಚಿತ್ರ ನೋಡುವವರಿಗೂ ಮೈಗೆ ಮೊದಲು ಮುಟ್ಟುವುದು ಗಾತ್ರವೇ. ಅಚ್ಚಿನಲ್ಲಿ ಬಣ್ಣ ಒಂದಿಷ್ಟು ಬರುತ್ತದೆ, ರೇಖೆ ಬರುತ್ತದೆ, ಭಾವವೂ ಬರಬಹುದು. ಗಾತ್ರ ಮಾತ್ರ ಪ್ರತಿ ಬಾರಿಯೂ ಸುಳ್ಳಾಗುತ್ತದೆ, ಆ ಸುಳ್ಳನ್ನು ನಾವು ವಿನ್ಯಾಸಕಾರರು ಸಲೀಸಾಗಿ ಹೇಳುತ್ತೇವೆ.

ಅದಕ್ಕೇ ನನ್ನ ಪ್ರಸ್ತಾವ ಒಂದೇ. ಹಳೆಯ ಚಿತ್ರಕಾರನ ಪ್ರದರ್ಶನದ ಭಿತ್ತಿಪತ್ರದಲ್ಲಿ, ಬ್ಯಾನರಿನಲ್ಲಿ, ಆಹ್ವಾನದಲ್ಲಿ ಚಿತ್ರವನ್ನು ಅಚ್ಚು ಹಾಕುವುದಾದರೆ ಇದ್ದಷ್ಟೇ ಅಳತೆಯಲ್ಲಿ ಹಾಕಬೇಕು. ಹಿಗ್ಗಿಸಬಾರದು, ಕುಗ್ಗಿಸಬಾರದು. ಹತ್ತು ಅಡಿಯ ಬಟ್ಟೆಯ ಮೇಲೆ ಒಂದು ಗೇಣಿನ ಚಿತ್ರ ಕೂತರೆ ಕೂರಲಿ. ಆಹ್ವಾನಪತ್ರಿಕೆ ಚಿತ್ರಕ್ಕಿಂತ ಸಣ್ಣದಿದ್ದರೆ ಚಿತ್ರದ ಒಂದು ತುಣುಕು ಬರಲಿ, ಆದರೆ ಆ ತುಣುಕು ಮೂಲದ ಅಳತೆಯಲ್ಲೇ ಇರಲಿ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆಯಿದೆಯಲ್ಲ, ಆ ಇಡೀ ಚಾವಣಿಯನ್ನು ಅಂಚೆಕಾರ್ಡಿಗೆ ಇಳಿಸಿದರೆ ಅದು ಜಮಖಾನೆಯ ನಮೂನೆಯಾಗಿ ಕಾಣುತ್ತದೆ. ಅದೇ ಕಾರ್ಡಿನಲ್ಲಿ ಪಲ್ಲಕ್ಕಿ ಹೊತ್ತವನೊಬ್ಬನ ಪಾದವನ್ನಷ್ಟೇ ಇದ್ದಷ್ಟು ಅಳತೆಯಲ್ಲಿ ಕೊಡಿ. ಆ ಪಾದ ಬರೆದ ಕೈ ಎಷ್ಟು ವೇಗದ್ದು ಅನ್ನುವುದು ತಟ್ಟನೆ ಕಾಣುತ್ತದೆ.

ಇದನ್ನು ನಾನೊಬ್ಬನೇ ಕನಸಿದ್ದಲ್ಲ. 2007ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ‘ಗ್ರ್ಯಾಂಡ್ ಟೂರ್’ ಎಂಬ ಹೆಸರಿನಲ್ಲಿ ತನ್ನ ಸಂಗ್ರಹದ ನಲವತ್ತಕ್ಕೂ ಹೆಚ್ಚು ಚಿತ್ರಗಳ ಪ್ರತಿಗಳನ್ನು ಮೂಲದ ಗಾತ್ರದಲ್ಲಿ ಮಾಡಿಸಿ, ಚೌಕಟ್ಟು ಹಾಕಿಸಿ, ಸೋಹೋ ಮತ್ತು ಕಾವೆಂಟ್ ಗಾರ್ಡನ್‌ನ ಬೀದಿಗೋಡೆಗಳಿಗೆ ನೇತುಹಾಕಿತು. ಹೋಟೆಲಿನ ಪಕ್ಕ, ಅಂಗಡಿಯ ಷಟರಿನ ಪಕ್ಕ ಕಾರವಾಜ್ಜೊ, ರೂಬೆನ್ಸ್. ಜೊತೆಗೆ ವಸ್ತುಸಂಗ್ರಹಾಲಯದ ಗೋಡೆಯಲ್ಲಿರುವಂಥದೇ ಒಂದು ಸಣ್ಣ ವಿವರಫಲಕ. ಜಾಹೀರಾತಿನ ದೊಡ್ಡ ಅಕ್ಷರ ಇಲ್ಲ, ‘ಬನ್ನಿ ನೋಡಿ’ ಇಲ್ಲ. ಹಳೆಯ ಚಿತ್ರಕ್ಕೆ ಮಾಡಿದ ಪ್ರಚಾರಗಳಲ್ಲಿ ನನಗೆ ಇವತ್ತಿಗೂ ಹೊಟ್ಟೆಕಿಚ್ಚು ಹುಟ್ಟಿಸುವುದು ಅದು.

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನದು ಬೇರೆ ದಾರಿ. ಹತ್ತು ವರ್ಷದ ದುರಸ್ತಿ ಮುಗಿಸಿ ಅದು 2013ರಲ್ಲಿ ಮತ್ತೆ ತೆರೆಯುವ ಮೊದಲು ಇರ್ಮಾ ಬೂಮ್ ಎಂಬ ವಿನ್ಯಾಸಕಿ ಅದಕ್ಕೆ ಹೊಸ ಗುರುತು ಮಾಡಿದಳು: ಹೆಸರನ್ನು ಎರಡಾಗಿ ಬಿಡಿಸಿ ನಡುವೆ ಜಾಗ ಬಿಟ್ಟಳು, ಅಷ್ಟೆ. ಆ ಜಾಗಕ್ಕಾಗಿ ಡಚ್ಚರು ವ್ಯಾಕರಣದ ಜಗಳ ತೆಗೆದರು. ನಮ್ಮಲ್ಲಿ ಅರ್ಕಾವತ್ತಿಗೆ ಜಗಳವಾಗುವ ಹಾಗೆಯೇ ಅನ್ನಿ. ಅದೇ ಸಂಗ್ರಹಾಲಯ 2023ರಲ್ಲಿ ವರ್ಮೀರನ 28 ಚಿತ್ರಗಳನ್ನು ಒಂದೆಡೆ ಸೇರಿಸಿದಾಗ ಸುಮಾರು ಆರೂವರೆ ಲಕ್ಷ ಜನ ನೋಡಿದರು. ಆ 28ರಲ್ಲಿ ‘ಲೇಸು ಹೆಣೆಯುವವಳು’ ಇದ್ದಳು, ಅವಳ ಎತ್ತರ 24 ಸೆಂಟಿಮೀಟರ್, ಅಗಲ 21. ಶಾಲೆಯ ನೋಟ್‌ಬುಕ್ಕಿನಷ್ಟು. ಅದೇ ಕಟ್ಟಡದಲ್ಲಿರುವ ರೆಂಬ್ರಾಂಟನ ‘ರಾತ್ರಿ ಕಾವಲು’ ಮೂರೂವರೆ ಮೀಟರಿಗೂ ಎತ್ತರ. ಫೋನಿನ ಪರದೆಯಲ್ಲಿ ಇಬ್ಬರೂ ಒಂದೇ ಹೆಬ್ಬೆರಳಿನ ಗಾತ್ರ.

ನಮ್ಮಲ್ಲಿಗೂ ಒಬ್ಬ ಬಂದಿದ್ದ. 2025ರಲ್ಲಿ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಕಾರವಾಜ್ಜೊನ ‘ಭಾವಪರವಶಳಾದ ಮ್ಯಾಗ್ಡಲೀನ್’ ಪ್ರದರ್ಶನವಾಯಿತು. ಒಂದೇ ಚಿತ್ರದ ಪ್ರದರ್ಶನ. 1606ರಲ್ಲಿ ರೋಮಿನಲ್ಲಿ ಒಬ್ಬನನ್ನು ಕೊಂದು ಓಡಿಹೋದ ದಿನಗಳಲ್ಲಿ ಬರೆದದ್ದು, ಖಾಸಗಿ ಸಂಗ್ರಹದಲ್ಲಿದ್ದು 2014ರಲ್ಲಿ ಹೊರಬಂದದ್ದು ಎಂಬ ಕತೆ ಅದರ ಹಿಂದಿದೆ. ಇಂಥ ಚಿತ್ರಕ್ಕೆ ಗುರುತು ಕಟ್ಟು ಅಂದರೆ ಪ್ರಪಂಚದ ತೊಂಬತ್ತು ಪಾಲು ವಿನ್ಯಾಸಕಾರರು ಕಪ್ಪು ಹಿನ್ನೆಲೆ, ತೆಳ್ಳಗಿನ ಬಿಳಿ ಅಕ್ಷರ ಹಿಡಿದು ಬರುತ್ತಾರೆ, ನಾನೂ ಬರುತ್ತಿದ್ದೆನೇನೋ. ಆದರೆ ಅವನ ಕಪ್ಪು ಎಣ್ಣೆವರ್ಣದ ಕಪ್ಪು, ಅದರೊಳಗೆ ಕಂದು ಇದೆ, ಕೆಂಪಿದೆ. ದಿನಪತ್ರಿಕೆಯ ಕಾಗದ ನಾಲ್ಕೂ ಬಣ್ಣ ಸೇರಿ ನೂರಕ್ಕೆ 240ರಷ್ಟು ಶಾಯಿಯನ್ನು ಮಾತ್ರ ಹೀರಬಲ್ಲದು. ಅದಕ್ಕಿಂತ ಹೆಚ್ಚಾದರೆ ಹಿಂಬದಿಗೆ ಸೋರುತ್ತದೆ. ಹಾಗಾಗಿ ಪತ್ರಿಕೆಯ ಜಾಹೀರಾತಿನಲ್ಲಿ ಕಾರವಾಜ್ಜೊನ ಕತ್ತಲು ಮಳೆಗಾಲದ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಪತ್ರಿಕೆಗೆ ಚಿತ್ರವೇ ಬೇಡ, ಬರೀ ಅಕ್ಷರ ಸಾಕು ಅಂತ ಹೇಳುವ ಧೈರ್ಯ ಸಂಘಟಕರಿಗೆ ಬರಬೇಕು.

ರವಿವರ್ಮನ ಕತೆ ಇದರ ತಿರುವುಮುರುವು. ಅವನು 1894ರಲ್ಲಿ ಮುಂಬಯಿಯ ಘಾಟ್ಕೋಪರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಮೇಲೆ ವಾರ್ನಿಷು. ಸರಸ್ವತಿ, ಲಕ್ಷ್ಮಿಯರು ಮನೆಮನೆಯ ಗೋಡೆಗೆ, ಆಮೇಲೆ ಕ್ಯಾಲೆಂಡರಿಗೆ, ಬೆಂಕಿಪೆಟ್ಟಿಗೆಗೆ ಹೋದರು. ಆ ಸರಸ್ವತಿಯನ್ನು ದಿನಾ ಒಂದು ಅಡಿಯ ಕಾಗದದಲ್ಲಿ ಕಂಡವರು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಅವನ ಎಣ್ಣೆವರ್ಣದ ಪುರಾಣಚಿತ್ರಗಳ ಮುಂದೆ ನಿಂತರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ವೆಂಕಟಪ್ಪನ ಮುಂದೆ ಒಂದು ಹೆಜ್ಜೆ ಮುಂದೆ, ರವಿವರ್ಮನ ಮುಂದೆ ಒಂದು ಹೆಜ್ಜೆ ಹಿಂದೆ. ಪ್ರೇಕ್ಷಕರ ಕಾಲಿನ ಈ ಚಲನೆಯನ್ನು ರಸ್ತೆಯಲ್ಲೇ ಶುರುಮಾಡಿಸುವ ಫಲಕ ಗೆದ್ದಿತು ಅಂತ ನನ್ನ ಲೆಕ್ಕ.

ಈಗ ನೀವು ಕೇಳುವ ಪ್ರಶ್ನೆ ಗೊತ್ತು. ಒಬ್ಬ ಸಂಘಟಕರು ನನಗೆ ನೇರವಾಗಿಯೇ ಕೇಳಿದ್ದರು: ‘ಒಂದ ಗೇಣಿನ ಚಿತ್ರ ಹಾಕಿದ್ರ ಬಸ್ಸಿನ್ಯಾಗ ಹೋಗಾವ್ರಿಗೆ ಏನ ಕಾಣತೈತ್ರಿ?’ ಏನೂ ಕಾಣುವುದಿಲ್ಲ. ಬಸ್ಸಿನಲ್ಲಿ ಹೋಗುವವರಿಗೆ ಅಕ್ಷರ ಕಾಣಬೇಕು. ಚಿತ್ರ, ಬಸ್ಸಿಳಿದು ಬಂದವರಿಗೆ. ಅಲ್ಲಿಗೆ ಮಾತು ಕನ್ನಡದ ಅಕ್ಷರಕ್ಕೆ ಬಂತು, ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು.

ನಮ್ಮಲ್ಲಿ ಗುರುತುಗಳು ಹುಟ್ಟುವುದು ಇಂಗ್ಲಿಷಿನಲ್ಲಿ. ವಿನ್ಯಾಸ ಒಪ್ಪಿಗೆಯಾದ ಮೇಲೆ ‘ಇದಕ್ಕೊಂದು ಕನ್ನಡ ಹಾಕಿ’ ಅಂತ ಬರುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಶಿಸ್ತಾಗಿ ನಿಲ್ಲುತ್ತವೆ. ಕನ್ನಡಕ್ಕೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು, ಪಕ್ಕಕ್ಕೆ ಕೊಂಬು, ದೀರ್ಘ. ಎರಡಕ್ಕೂ ಒಂದೇ ಅಳತೆ ಕೊಟ್ಟರೆ ಕನ್ನಡದ ಮೈ ಕುಗ್ಗಿ ಕಾಣುತ್ತದೆ. ಒತ್ತಿಗೆ ಜಾಗ ಸಾಲದೆ ಸಾಲುಗಳು ಡಿಕ್ಕಿ ಹೊಡೆಯುತ್ತವೆ. 2024ರ ತಿದ್ದುಪಡಿ ಕಾಯ್ದೆ ನಾಮಫಲಕದಲ್ಲಿ ನೂರಕ್ಕೆ 60ರಷ್ಟು ಕನ್ನಡ ಇರಬೇಕೆಂದು ಹೇಳಿತು. ಒಳ್ಳೆಯದೇ. ಆದರೆ ಅರವತ್ತು ಪಾಲು ಜಾಗದಲ್ಲಿ ಕೆಟ್ಟ ಅಕ್ಷರ ತುಂಬಿದರೂ ಕಾಯ್ದೆ ಪಾಲನೆಯಾಗುತ್ತದೆ. ಕನ್ನಡವನ್ನು ಮೊದಲು ಬರೆದು, ಇಂಗ್ಲಿಷನ್ನು ಅದಕ್ಕೆ ಹೊಂದಿಸುವುದನ್ನು ಕಾಯ್ದೆ ಕಲಿಸಲಾರದು.

ಕಂಪ್ಯೂಟರಿನಲ್ಲಿ ಈಗ ಅಕ್ಷರಗಳ ಬಡತನವೇನಿಲ್ಲ. ಏಕ್ ಟೈಪ್‌ನವರ ‘ಅನೇಕ್ ಕನ್ನಡ’ ಸೊರಗಿದ ಮೈಯಿಂದ ದಪ್ಪ ಮೈಯವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಹಿಗ್ಗುತ್ತದೆ. ‘ಟಿರೊ ಕನ್ನಡ’ ಪುಸ್ತಕದ ಗಾಂಭೀರ್ಯದ್ದು. ‘ಹುಬ್ಬಳ್ಳಿ’ ಎಂಬ ಹೆಸರಿನದೇ ಒಂದು ಇದೆ, ಒಂದೇ ದಪ್ಪದ ಗೆರೆಯದು. ಗದಗಿನ ಹೆಸರಿನದು ಯಾವಾಗ ಬರುತ್ತದೋ! ಮುದ್ರಣಕಾಶಿ ಅನ್ನಿಸಿಕೊಂಡ ಊರಿಗೆ ಇದು ಸ್ವಲ್ಪ ನಾಚಿಕೆಯ ವಿಷಯ.

ಆದರೆ ವೆಂಕಟಪ್ಪನವರ ಪ್ರದರ್ಶನಕ್ಕೆ ನಾನು ಇವ್ಯಾವನ್ನೂ ಬಳಸುವುದಿಲ್ಲ. ಅಕ್ಷರವನ್ನು ಕೈಯಲ್ಲೇ ಬರೆಯುತ್ತೇನೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಬಂದಿತು. ಅಂದರೆ ಅಲ್ಲಿ ಅಚ್ಚಾದದ್ದು ಒಬ್ಬ ಮನುಷ್ಯನ ಕೈಬರಹ. ಗದಗಿನ ಶಾಬಾದಿಮಠ ಬುಕ್ ಡಿಪೋದ ಬಯಲಾಟದ, ಪುರಾಣದ ಹಳೆಯ ಪುಸ್ತಕಗಳ ರಕ್ಷಾಪುಟ ನೋಡಿದವರಿಗೆ ಗೊತ್ತು, ಅಲ್ಲಿ ಹೆಸರನ್ನು ಬರೆದ ಕೈ ಚಿತ್ರ ಬರೆದ ಕೈಯಂತೆಯೇ ಓಡುತ್ತದೆ. ಆಮೇಲೆ ಕಮಲೇಶ್ ಅಂಥವರು ಕನ್ನಡ ಪುಸ್ತಕಗಳ ಹೆಸರುಗಳಿಗೆ ಒಂದೊಂದಕ್ಕೂ ಒಂದೊಂದು ನಡಿಗೆ ಕೊಟ್ಟರು. ಈ ಪರಂಪರೆ ಇರುವಾಗ ಕುಂಚದವನ ಹೆಸರನ್ನು ಕುಂಚದಲ್ಲಿ ಬರೆಯದಿರುವುದು ಸೋಮಾರಿತನ.

ವೆಂಕಟಪ್ಪ ಎಂಬ ಹೆಸರಿನ ಆಕಾರ ನೋಡಿ. ವೆ, ಅದರ ಪಕ್ಕ ಸೊನ್ನೆ, ಕ, ಟ: ಎಲ್ಲ ದುಂಡಗೆ ಒಂದೇ ನೆಲದ ಮೇಲೆ ಉರುಳಿಕೊಂಡು ಬರುತ್ತವೆ. ಕೊನೆಯ ಅಕ್ಷರದಲ್ಲಿ ಒಂದೇ ಒಂದು ಒತ್ತು ಕೆಳಗೆ ಇಳಿಯುತ್ತದೆ. ಇಡೀ ಹೆಸರಿನಲ್ಲಿ ನೆಲಕ್ಕಿಂತ ಕೆಳಗೆ ಹೋಗುವುದು ಅದೊಂದೇ. ಹೆಚ್ಚಿನ ವಿನ್ಯಾಸಕಾರರಿಗೆ ಅದು ತಲೆನೋವು, ಕತ್ತರಿಸಿ ಮೇಲೆ ತಳ್ಳಲು ನೋಡುತ್ತಾರೆ. ನಾನು ಅದನ್ನೇ ಬೀಗದ ಕೈ ಮಾಡಿಕೊಳ್ಳುತ್ತೇನೆ. ಹತ್ತು ಅಡಿ ಉದ್ದದ ಬಟ್ಟೆಯ ಮೇಲೆ ಹೆಸರು ಅಡ್ಡಲಾಗಿ ದೊಡ್ಡದಾಗಿ ಬರುತ್ತದೆ. ಒತ್ತು ಎಷ್ಟು ಕೆಳಗಿಳಿಯುತ್ತದೋ ಅದರ ಎಡಕ್ಕೆ, ಉಳಿದ ಅಕ್ಷರಗಳ ಅಡಿಯಲ್ಲಿ ಅಷ್ಟೇ ಎತ್ತರದ ಖಾಲಿ ಜಾಗ ಸಿಗುತ್ತದೆ. ಆ ಜಾಗದಲ್ಲಿ ಊಟಿಯ ಒಂದು ಚಿತ್ರ, ಇದ್ದಷ್ಟೇ ಅಳತೆಯಲ್ಲಿ, ನಿಂತವರ ಕಣ್ಣಿನ ಎತ್ತರಕ್ಕೆ. ಒತ್ತು ಆ ಚಿತ್ರದ ಬಲಗಡೆಯ ಕಂಬ. ಕೆಳಗೆ ತಾರೀಕು, ಜಾಗ. ಮತ್ತೇನೂ ಇಲ್ಲ. ಬಸ್ಸಿನವರಿಗೆ ಹೆಸರು, ನಡೆದು ಬಂದವರಿಗೆ ಚಿತ್ರ. ಅಧ್ಯಕ್ಷತೆ, ಉಪಸ್ಥಿತಿ, ಗೌರವ ಉಪಸ್ಥಿತಿಯ ಯಾದಿ ಎಲ್ಲಿ ಅಂತ ಕೇಳುತ್ತೀರಿ. ಅದಕ್ಕೆ ಆಹ್ವಾನಪತ್ರಿಕೆಯ ಹಿಂಬದಿ ಇದೆ.

ಬಣ್ಣದ ಬಗ್ಗೆ ಎರಡು ಮಾತು. ಜಲವರ್ಣದ ತೆಳುಛಾಯೆಗಳು ನಾಲ್ಕುಬಣ್ಣದ ಅಚ್ಚಿಗೆ ಹೋದಾಗ ಚುಕ್ಕೆಗಳಾಗುತ್ತವೆ. ನೂರಕ್ಕೆ ಐದಕ್ಕಿಂತ ಕಡಿಮೆಯ ಚುಕ್ಕೆ ಎಷ್ಟೋ ಯಂತ್ರಗಳಲ್ಲಿ ಹಾರಿಯೇ ಹೋಗುತ್ತದೆ. ಆಗ ವೆಂಕಟಪ್ಪನವರ ಆಕಾಶ ಬರೀ ಬಿಳಿ ಕಾಗದವಾಗುತ್ತದೆ. ಹೆದರಿದ ಮುದ್ರಕರು ಎಲ್ಲವನ್ನೂ ಗಾಢ ಮಾಡಿ ಕೊಡುತ್ತಾರೆ, ಊಟಿ ಗೋವೆಯಾಗುತ್ತದೆ. ಪರಿಹಾರ ಹಳೆಯದು: ಪರೀಕ್ಷಾಪ್ರತಿಯನ್ನು ಮೂಲದ ಪಕ್ಕದಲ್ಲಿ ಹಿಡಿದು, ಒಂದೇ ಬೆಳಕಿನಲ್ಲಿ ನೋಡಿ ತಿದ್ದುವುದು. ಅಳತೆ ಮೂಲದ್ದೇ ಆಗಿದ್ದರೆ ಈ ಹೋಲಿಕೆ ಎಷ್ಟು ಸಲೀಸು ಅನ್ನುವುದು ಮಾಡಿ ನೋಡಿದವರಿಗೆ ಗೊತ್ತಾಗುತ್ತದೆ.

ಬಟ್ಟೆ ಅಂದೆ, ಫ್ಲೆಕ್ಸ್ ಅನ್ನಲಿಲ್ಲ. ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ ನಿಷೇಧವಿದೆ, ಅದು ಎಲ್ಲೆಲ್ಲಿ ತೂಗುತ್ತಿದೆ ಅನ್ನುವುದು ಬೇರೆ ಮಾತು. ನಮಗೆ ಬೆಟಗೇರಿಯ ಮಗ್ಗಗಳು ಕೂಗಳತೆಯಲ್ಲಿವೆ. ನೇಯ್ದ ಬಟ್ಟೆಯ ಮೇಲೆ ಅಕ್ಷರವನ್ನು ಸ್ಕ್ರೀನ್ ಪ್ರಿಂಟ್ ಮಾಡಿ, ಚಿತ್ರವನ್ನು ಒಳ್ಳೆಯ ಕಾಗದದಲ್ಲಿ ಬೇರೆಯಾಗಿ ಅಚ್ಚು ಹಾಕಿಸಿ ಆ ಜಾಗಕ್ಕೆ ಹೊಲಿದು ಕೂರಿಸಬಹುದು. ಬಟ್ಟೆಯ ಮೇಲೆಯೇ ಚಿತ್ರ ಅಚ್ಚು ಮಾಡಿದರೆ ನೇಯ್ಗೆಯ ಎಳೆ ಮಂಜಿನ ನಡುವೆ ಎದ್ದು ಕಾಣುತ್ತದೆ. ಜಲವರ್ಣಕ್ಕೆ ಅದು ಕೂಡದು.

ಪ್ರತಿ ಮಾಡಿ ಹಂಚುವುದು ಈ ಸೀಮೆಗೆ ಹೊಸದಲ್ಲ. ಇಲ್ಲಿಂದ ಅನತಿ ದೂರದ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿ ಬರೆಸಿ ದಾನ ಮಾಡಿದಳೆಂದು ಹೆಸರಾದವಳು. ಚಿತ್ರದ ವಿಷಯದಲ್ಲಿ ಟಿ.ಪಿ. ಅಕ್ಕಿಯವರು ಗದಗಿನಲ್ಲಿ ವಿಜಯ ಕಲಾಮಂದಿರ ಕಟ್ಟಿ ಹುಡುಗರ ಕೈಗೆ ಕುಂಚ ಕೊಟ್ಟರು. ಧಾರವಾಡದಲ್ಲಿ ಹಾಲಭಾವಿಯವರು ಅದನ್ನೇ ಮಾಡಿದರು. ಅವರಿಂದ ಕಲಿತವರ ಚಿತ್ರಗಳು ಈ ಜಿಲ್ಲೆಯ ಮನೆಗಳಲ್ಲಿ, ಶಾಲೆಗಳ ಗೋಡೆಗಳಲ್ಲಿ ಇವೆ. ನಾಳೆ ಅವರ ಪ್ರದರ್ಶನಕ್ಕೂ ಒಂದು ಗುರುತು ಬೇಕಾಗುತ್ತದೆ. ಅದನ್ನು ಬೆಂಗಳೂರಿನ ಏಜೆನ್ಸಿ ಮಾಡಬೇಕಾಗಿಲ್ಲ.

ಉಳಿದದ್ದು ಫೋನು. ಪರದೆಗೆ ಅಳತೆಯೇ ಇಲ್ಲ, ಅಲ್ಲಿ ನನ್ನ ನಿಯಮ ಸೋಲುತ್ತದೆ. ಅದಕ್ಕೆ ಲಕ್ಕುಂಡಿಯಂಥ ಜಾಗದಲ್ಲಿ ಅಗೆಯುವ ಪುರಾತತ್ವದವರಿಂದ ಒಂದು ಉಪಾಯ ಕಡ ತರಬಹುದು: ಅವರು ಫೋಟೋ ತೆಗೆಯುವಾಗ ಮಡಕೆ ಚೂರಿನ ಪಕ್ಕ ಕಪ್ಪು-ಬಿಳಿ ಪಟ್ಟೆಯ ಅಳತೆಗೋಲು ಇಡುತ್ತಾರೆ. ಪ್ರದರ್ಶನ ಜಾಲತಾಣಕ್ಕೆ ಹಾಕುವ ಪ್ರತಿ ಚಿತ್ರದ ಅಂಚಿನಲ್ಲೂ ಆ ಪಟ್ಟೆ ಬರಲಿ. ಚಂದ ಕೆಡುತ್ತದೆ ಅನ್ನುವವರಿದ್ದಾರೆ. ನನಗೇನೋ ಆ ಪಟ್ಟೆಯೇ ಇಡೀ ಪ್ರದರ್ಶನದ ಲಾಂಛನವಾದರೂ ಅಡ್ಡಿಯಿಲ್ಲ ಅನ್ನಿಸುತ್ತದೆ.

ರೈಕ್ಸ್‌ಮ್ಯೂಸಿಯಂ 2012ರಿಂದ ತನ್ನ ಚಿತ್ರಗಳ ದೊಡ್ಡ ಪ್ರತಿಗಳನ್ನು ಜಾಲದಲ್ಲಿ ಬಿಟ್ಟಿಯಾಗಿ ಬಿಟ್ಟಿದೆ. ವೆಂಕಟಪ್ಪನವರ ಚಿತ್ರಗಳಿಗೂ ಹಾಗೆ ಆಗಬೇಕೆಂದು ನಾವು ಸರ್ಕಾರವನ್ನು ಕೇಳಬೇಕು: ಒಳ್ಳೆಯ ಸ್ಕ್ಯಾನು, ಪಕ್ಕದಲ್ಲಿ ಬಣ್ಣದ ಪಟ್ಟಿ, ಅಳತೆಯ ಪಟ್ಟಿ. ಹಕ್ಕು ಮುಗಿದಿದ್ದರೂ ಒಳ್ಳೆಯ ಪ್ರತಿ ಕೈಗೆ ಸಿಗದಿದ್ದರೆ ಪುಸ್ತಕದಿಂದ ಫೋನಿನಲ್ಲಿ ತೆಗೆದ ಮಸುಕು ಚಿತ್ರಗಳೇ ಕಪ್ಪಿನ ಮೇಲೆ, ಸೆರಗಿನ ಮೇಲೆ ಹರಡುತ್ತವೆ. ಅದು ಆಗುವವರೆಗೆ ಕೂತಿರಬೇಕಾಗಿಲ್ಲ. ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರು ಇಲ್ಲಿದ್ದೀರಿ. ನಾಲ್ಕು ಜನ ಸೇರಿ, ಕಾಲೇಜಿನಿಂದ ಒಂದು ಪತ್ರ ಬರೆಸಿ ಅನುಮತಿ ತೆಗೆದುಕೊಂಡು, ಬೆಂಗಳೂರಿಗೆ ಹೋಗಿ ಆ ಚಿತ್ರಗಳನ್ನು ಅಳೆದುಕೊಂಡು ಬನ್ನಿ. ಗಾಜಿನ ಹೊರಗಿನಿಂದಲೇ ಅಳೆಯಬಹುದು, ಟೇಪು ಗಾಜಿಗೆ ತಾಗಿಸಬೇಡಿ. ಚೌಕಟ್ಟನ್ನು, ಸುತ್ತಲಿನ ರಟ್ಟನ್ನು ಲೆಕ್ಕಕ್ಕೆ ಸೇರಿಸಬೇಡಿ. ಎತ್ತರ ಮೊದಲು ಬರೆಯಿರಿ, ಅಗಲ ಆಮೇಲೆ.